ನಾಲ್ಕು ಬೆರಳು ಕೆಳಗೆ

ನಮ್ಮವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಏನಾದರೂ ಮುಚ್ಚಿಡುವುದಿದ್ದರೆ ಬಾಯಿ ಹೊಲಿದುಕೊಂಡವರ ಹಾಗೆ ಹೋಗಿ, ತೊಳೆದಿಟ್ಟ ಬ್ರಷ್‌ಗಳನ್ನೇ ಮತ್ತೊಮ್ಮೆ ತೊಳೆಯುತ್ತಾರೆ. ಮದುವೆಯಾದ ಹೊಸದರಲ್ಲಿ, ಅಬ್ಬಾ, ಎಷ್ಟು ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡಿದ್ದೆ. ಬ್ರಷ್ಷು ಫಳಫಳ ಹೊಳೆಯುತ್ತಿದೆ ಎಂದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದರ್ಥ ಅನ್ನುವುದು ಆಮೇಲೆ ಗೊತ್ತಾಯಿತು.

ಇವರು ಪೇಂಟರ್. ಮನೆ ಗೋಡೆಗೆ ಬಣ್ಣ ಬಳಿಯುವ ಪೇಂಟರ್ ಅಲ್ಲ. ರಜೆಯ ದಿನಗಳು ಹತ್ತಿರ ಬಂದವೆಂದರೆ ನಾವಿಬ್ಬರೂ ಹಳೆಯ ವ್ಯಾನಿನಲ್ಲಿ ಬಣ್ಣದ ಡಬ್ಬ, ಏಣಿ, ಸ್ಟೌವು, ಹಾಸಿಗೆ ತುಂಬಿಕೊಂಡು ಊರೂರು ಸುತ್ತುತ್ತೇವೆ. ಊರ ಹೊರಗಿನ ಸಣ್ಣಪುಟ್ಟ ಅಮ್ಯೂಸ್‌ಮೆಂಟ್ ಪಾರ್ಕುಗಳು, ಮೈದಾನದಲ್ಲಿ ಬಂದು ಡೇರೆ ಹಾಕುವ ಎಕ್ಸಿಬಿಷನ್‌ಗಳು, ಇವೇ ನಮ್ಮ ಗಿರಾಕಿಗಳು. ಸುತ್ತುವ ಕುದುರೆಗಳ ಕಣ್ಣು, ಭೂತದ ಮನೆಯ ಹಲ್ಲು, ಡಿಕ್ಕಿ ಹೊಡೆಯುವ ಕಾರುಗಳ ನಂಬರು, ಟಿಕೆಟ್ ಕಿಟಕಿಯ ಅಕ್ಷರ, ಎಲ್ಲವೂ ಒಂದು ವರ್ಷದ ಬಿಸಿಲಿಗೆ ಮಾಸಿರುತ್ತವೆ. ಮರಳು ಕಾಗದ ಉಜ್ಜುವುದು, ಪ್ರೈಮರ್ ಹೊಡೆಯುವುದು, ಚುಕ್ಕೆ ಇಡುವುದು, ಮಾಲೀಕರ ಜೊತೆ ಜಗಳ ಕಾಯುವುದು ನನ್ನ ಪಾಲು. ಮುಖಗಳು ಇವರ ಪಾಲು. ಇವರು ಬರೆದ ಕುದುರೆಗಳಿಗೆಲ್ಲ ನಮ್ಮತ್ತೆಯ ಮುಖವೇ ಬಂದುಬಿಡುತ್ತದೆ. ಇದುವರೆಗೆ ನನ್ನನ್ನು ಬಿಟ್ಟು ಬೇರೆ ಯಾರ ಕಣ್ಣಿಗೂ ಅದು ಬಿದ್ದಿಲ್ಲ, ಸದ್ಯ.

ಆ ಭಾನುವಾರ ಬೆಳಿಗ್ಗೆ ಬೆಟ್ಟದ ಆಚೆಗಿನ ಒಂದು ಊರಿನ ಎಕ್ಸಿಬಿಷನ್ ಮೈದಾನದಲ್ಲಿದ್ದೆವು. ಭೂತದ ಮನೆಯ ಬಾಗಿಲ ಮೇಲಿನ ರಾಕ್ಷಸಿಗೆ ಇವರು ನಾಲಿಗೆ ಬಳಿಯುತ್ತಿದ್ದರು, ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಫೋನು ಟಿಂಗ್ ಎಂದಿತು. ಹಿಂದಿನ ವಾರ ನಾವು ಕೆಲಸ ಮುಗಿಸಿಕೊಟ್ಟು ಬಂದಿದ್ದ ಕೆರೆಯ ಪಕ್ಕದ ಪಾರ್ಕಿನ ಮಾಲೀಕ ಒಂದು ಫೋಟೋ, ಜೊತೆಗೆ ಎರಡು ಸಾಲು ಬರೆದು ಕಳಿಸಿದ್ದ. ನಾವು ಅವನನ್ನು ಕರೆಯುವುದು ಮೀಸೆ ಮಾಲೀಕ ಎಂದು. ಪಾರ್ಕು ಸಣ್ಣದು, ಮೀಸೆ ದೊಡ್ಡದು.

ಫೋಟೋದಲ್ಲಿ ನಮ್ಮ ಜೋಕರ್ ನಿಂತಿದ್ದ. ಪ್ಲೈವುಡ್ಡಿನಲ್ಲಿ ಕತ್ತರಿಸಿದ ಆಳೆತ್ತರದ ಜೋಕರ್. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಪಕ್ಕಕ್ಕೆ ನೇರ ಚಾಚಿದೆ. ಆಟ ಹತ್ತಬೇಕೆನ್ನುವ ಮಗು ಆ ಕೈಯ ಕೆಳಗೆ ಬಂದು ನಿಲ್ಲಬೇಕು. ತಲೆ ತಾಗಿದರೆ ಒಳಗೆ, ತಾಗದಿದ್ದರೆ ಮನೆಗೆ. ಆ ಪಾರ್ಕಿನಲ್ಲಿ ಮಡಿಲ ಮೇಲೆ ಸರಳು ಬೀಳುವ ಆಟಗಳಿಗೆಲ್ಲ ಒಂದೇ ಅಳತೆ. ಈ ಜೋಕರನನ್ನು ನಾವು ಮಾಡಿಕೊಟ್ಟದ್ದು ಬಾತುಕೋಳಿ ಆಟಕ್ಕೆ. ಮೊಣಕಾಲುದ್ದ ನೀರಿನ ಮೇಲೆ ಆರಾಮವಾಗಿ ತೇಲಿಕೊಂಡು ಸುತ್ತುವ ಬಾತುಕೋಳಿಗಳು. ಅದರಲ್ಲಿ ಕೂತ ದೊಡ್ಡವರಿಗೆ ನಿದ್ದೆ ಬರುತ್ತದೆ.

"ರೀ, ನಿಮ್ಮ ಜೋಕರ್‌ಗೆ ಪ್ರಮೋಷನ್ ಸಿಕ್ಕಿದೆ ನೋಡಿ," ಎಂದೆ. "ಬಾತುಕೋಳಿ ಮೋಟರ್ ಸುಟ್ಟುಹೋಯ್ತಂತೆ. ಇವನನ್ನ ತಗೊಂಡು ಹೋಗಿ ಆಕ್ಟೋಪಸ್ ಮುಂದೆ ನಿಲ್ಲಿಸಿದಾರೆ. ಬೆಳಿಗ್ಗೆಯಿಂದ ಜನ ಸಾಲು ನಿಂತಿದಾರಂತೆ."

ಅರ್ಧ ನಾಲಿಗೆ ಬಿಟ್ಟು ಇವರು ಏಣಿ ಇಳಿದರು. ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಫೋನು ನನ್ನ ಕೈಗೆ ಕೊಟ್ಟು ವ್ಯಾನಿನ ಹಿಂದೆ ಹೋದರು. ನಾನು ಹೋಗಿ ನೋಡಿದರೆ ಬಕೆಟ್ ಮುಂದೆ ಕುಕ್ಕರುಗಾಲಲ್ಲಿ ಕೂತು ಬ್ರಷ್ ತೊಳೆಯುತ್ತಿದ್ದಾರೆ. ನೆನ್ನೆ ರಾತ್ರಿ ನಾನೇ ತೊಳೆದಿಟ್ಟ ಬ್ರಷ್ಷು.

ನಾನು ಎದುರಿಗೆ ಹೋಗಿ ನಿಂತೆ. "ಏನಾಯ್ತು?"

"ಏನಿಲ್ಲ."

"ಕೂದಲು ಉದುರೋವರೆಗೂ ತೊಳೀತಾ ಕೂತ್ಕೋತೀರಾ? ಬಾಯಿ ಬಿಡಿ."

"ಚಿಟಿಕೆ ಇವತ್ತು ಎಲ್ಲಿಗೆ ಹೋಗ್ತೀನಿ ಅಂದಿದ್ಲು?"

"ಅಲ್ಲಿಗೇ. ಅವರಿಗೆ ಪಾಸ್ ಕೊಡ್ಸಿದ್ದೇ ನೀವಲ್ವಾ?"

ಇವರು ಎದ್ದು ನಿಂತರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ವ್ಯಾನ್ ಹತ್ತು," ಎಂದರು.

ಬಣ್ಣದ ಡಬ್ಬಗಳು ಬಾಯಿ ತೆರೆದುಕೊಂಡೇ ಇದ್ದವು. ಏಣಿ ಗೋಡೆಗೆ ಒರಗಿಕೊಂಡೇ ಇತ್ತು. ಹತ್ತು ಎಂದ ಆ ದನಿ ಹೇಗಿತ್ತೆಂದರೆ, ಯಾಕೆ ಎಂದು ಕೇಳುವ ಧೈರ್ಯ ಮೈದಾನ ದಾಟುವವರೆಗೂ ನನಗೆ ಬರಲಿಲ್ಲ. ನನಗೇ ಬರಲಿಲ್ಲ ಎಂದರೆ ಯೋಚಿಸಿ.

ಚಿಟಿಕೆ ನನ್ನ ತಂಗಿಯ ಮಗಳು. ಹುಟ್ಟಿದಾಗ ಒಂದು ಚಿಟಿಕೆಯಷ್ಟಿದ್ದಳು, ಹೆಸರು ಹಾಗೇ ಉಳಿಯಿತು. ಈಗ ಶಾಲೆಗೆ ಹೋಗುತ್ತಾಳೆ, ಬಾಯಿ ನನ್ನದೇ, ಆದರೆ ಮೈ ಮಾತ್ರ ವಯಸ್ಸಿನ ಜೊತೆ ಬರಲೊಲ್ಲದು. ನಮಗೆ ಮಕ್ಕಳಿಲ್ಲ. ಇವರು ಅವಳನ್ನು ತಲೆಯ ಮೇಲೆ ಕೂರಿಸಿಕೊಂಡು ಮೆರೆಸುತ್ತಾರೆ. ಅವಳು ಕೇಳಿದಳು ಎಂದು ನಮ್ಮ ವ್ಯಾನಿನ ಬಾಗಿಲಿಗೆ ನೇರಳೆ ಬಣ್ಣದ ಆನೆ ಬರೆದ ಮಹಾಶಯರು ಇವರು. ಹಿಂದಿನ ಎರಡು ರಜೆಯಲ್ಲೂ ತಂಗಿ ಅವಳನ್ನು ಆ ಪಾರ್ಕಿಗೆ ಕರೆದುಕೊಂಡು ಹೋಗಿದ್ದಳು, ಎರಡು ಸಲವೂ ಗೇಟಿನವನು ಅವಳ ತಲೆಯ ಮೇಲೆ ಅಂಗೈ ಇಟ್ಟು, "ಇನ್ನೂ ಸ್ವಲ್ಪ ಬೆಳೀಬೇಕು ಪುಟ್ಟಾ," ಎಂದು ವಾಪಸ್ ಕಳಿಸಿದ್ದ. ಸಾಲಿನಲ್ಲಿದ್ದ ಮಕ್ಕಳು ನಕ್ಕಿದ್ದರು. ಎರಡನೆಯ ಸಲ ಇವರೂ ಅಲ್ಲಿದ್ದರು. ಚಿಟಿಕೆ ಅಳಲಿಲ್ಲ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು, ಊಟಕ್ಕೂ ಏಳಲಿಲ್ಲ.

"ಕೈ ನಾಲ್ಕು ಬೆರಳು ಕೆಳಗಿದೆ ಕಣೇ," ಎಂದರು ಇವರು. ಕಣ್ಣು ರಸ್ತೆಯ ಮೇಲಿತ್ತು.

"ಯಾರ ಕೈ?"

"ಜೋಕರಂದು. ನಾನೇ ಇಳಿಸಿ ಸ್ಕ್ರೂ ಹಾಕಿದ್ದು."

ನನಗೆ ಒಮ್ಮೆಲೇ ನೆನಪಾಯಿತು. ನಾನು ಜೋಕರನ ಕೋಟಿಗೆ ಚುಕ್ಕೆ ಇಡುತ್ತಿದ್ದಾಗ, ಇವನ ಭುಜ ಯಾಕೆ ಹೀಗೆ ಜೋತುಬಿದ್ದಿದೆ ಎಂದು ಕೇಳಿದ್ದೆ. ದಿನವೆಲ್ಲ ನಿಂತು ನಿಂತು ಸುಸ್ತಾಗಿದೆ ಪಾಪ ಎಂದಿದ್ದರು. ನಾನು ನಕ್ಕಿದ್ದೆ. ಅಲ್ಲಿ ನಕ್ಕು, ಅದೇ ಭುಜದ ಮೇಲೆ ಇನ್ನೊಂದು ಚುಕ್ಕೆ ಇಟ್ಟಿದ್ದೆ.

"ಬಾತುಕೋಳಿ ತಾನೇ ಅಂದ್ಕೊಂಡೆ. ಅದರಿಂದ ಬಿದ್ರೂ ಮೊಣಕಾಲು ತರಚುತ್ತೆ, ಅಷ್ಟೇ. ಒಂದೇ ಒಂದ್ಸಲ ಅವಳ ತಲೆ ತಾಗ್ಲಿ, ಎಲ್ಲರ ಎದುರಿಗೂ ಒಳಗೆ ಹೋಗ್ಲಿ ಅಂತ."

"ಅಲ್ರೀ!" ನನಗೆ ಮಾತೇ ಕೂಡಲಿಲ್ಲ, ಆಮೇಲೆ ಕೂಡಿದ್ದೆಲ್ಲ ಬೈಗುಳವೇ. "ನಿಮ್ಮ ತಲೇಲಿ ಬುದ್ಧಿ ಇದೆಯೋ ಟರ್ಪೆಂಟೈನ್ ಇದೆಯೋ? ಅಳತೆ ಅಂದ್ರೆ ಏನು ಅಂತ ಗೊತ್ತಿಲ್ವಾ ನಿಮಗೆ? ಇಷ್ಟು ವರ್ಷ ಇದೇ ಕೆಲಸ ಮಾಡ್ಕೊಂಡು ಬಂದು! ಮುದ್ದು ಮಾಡ್ಬೇಕು ಅಂದ್ರೆ ಒಂದು ಐಸ್‌ಕ್ರೀಮ್ ಕೊಡ್ಸಿ, ಹೆಗಲ ಮೇಲೆ ಕೂರಿಸ್ಕೊಂಡು ಕುಣೀರಿ, ಯಾರು ಬೇಡ ಅಂದ್ರು?"

ಇವರು ಎಲ್ಲವನ್ನೂ ಕೇಳಿಸಿಕೊಂಡರು. ಗೇರ್ ಬದಲಿಸಲು ಹೋಗಿ ಎರಡು ಸಲ ತಪ್ಪಿಸಿದರು. ಅದನ್ನು ನೋಡಿ ನನ್ನ ಬಾಯಿ ತಾನಾಗಿಯೇ ನಿಂತುಹೋಯಿತು. ಬೈಯುತ್ತಿರುವವರೆಗೆ ಭಯ ಸ್ವಲ್ಪ ದೂರ ಕೂತಿತ್ತು. ಬಾಯಿ ಮುಚ್ಚಿದ್ದೇ ತಡ, ಹತ್ತಿರ ಬಂದು ಮಡಿಲ ಮೇಲೇ ಕೂತಿತು.

ಆಕ್ಟೋಪಸ್ ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಅದರ ಎಂಟು ಕೈಗಳಿಗೂ ಕಿತ್ತಳೆ ಬಣ್ಣ ಹೊಡೆದವಳು ನಾನೇ. ಪ್ರತಿ ಕೈಯ ತುದಿಗೆ ಒಂದು ಸೀಟು. ಅದು ಸುತ್ತುತ್ತದೆ, ಸುತ್ತುತ್ತಲೇ ಏರುತ್ತದೆ, ಏರುತ್ತಲೇ ಓರೆಯಾಗುತ್ತದೆ. ಕೂತವರ ಕಾಲು ಕೆಳಗಿನ ಹಲಗೆಗೆ ಊರಿರಬೇಕು. ಊರಿದರೆ ಸರಳು ತೊಡೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಲು ಹಲಗೆಗೆ ಎಟುಕದಿದ್ದರೆ ಸೀಟು ಓರೆಯಾದಾಗಲೆಲ್ಲ ಮಗು ಸರಳಿನ ಕೆಳಗಿನಿಂದ ಇಷ್ಟಿಷ್ಟೇ ಜಾರುತ್ತದೆ. ಅಳತೆ ಇಟ್ಟಿರುವುದೇ ಅದಕ್ಕೆ. ನಾಲ್ಕು ಬೆರಳು ಎಂದರೆ ಚಿಟಿಕೆಯ ಕಾಲಿಗೂ ಆ ಹಲಗೆಗೂ ಇರುವ ಸಂದು.

ತಂಗಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಅವಳ ಫೋನು ಚೀಲದ ತಳದಲ್ಲಿ, ಕರವಸ್ತ್ರ, ನೀರಿನ ಬಾಟಲಿ, ಬಿಸ್ಕತ್ ಪೊಟ್ಟಣಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ಅಷ್ಟು ಆಳಕ್ಕೆ ಜನ ಬಾವಿ ತೋಡುತ್ತಾರೆ. "ಎತ್ತೇ, ಎತ್ತೇ ಕತ್ತೆ," ಎಂದು ರಿಂಗಾಗುತ್ತಿರುವ ಫೋನಿಗೇ ಬೈದೆ. ಮೀಸೆ ಮಾಲೀಕನಿಗೆ ಮಾಡಿದೆ. ಅವನು ಎತ್ತಿದ, ಆದರೆ ಅವನ ಹಿಂದೆ ಪಾರ್ಕಿನ ಧ್ವನಿವರ್ಧಕ ಕಿವಿ ಹರಿಯುವಂತೆ ಕೂಗುತ್ತಿತ್ತು.

"ಪೇಂಟರಮ್ಮಾ! ಏನೂ ಕೇಳಿಸ್ತಿಲ್ಲ! ಜನ ಜಾಸ್ತಿ! ಸಂಜೆ ನಾನೇ ಮಾಡ್ತೀನಿ!"

"ಜೋಕರ್ ತೆಗೆಸಿ! ಆಟ ನಿಲ್ಸಿ!" ಎಂದು ಕಿರುಚಿದೆ. ಅಷ್ಟರಲ್ಲಿ ಫೋನು ಕಟ್ಟಾಗಿತ್ತು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

"ಮೆಸೇಜ್ ಹಾಕು," ಎಂದರು ಇವರು. ಮತ್ತೆ, "ಜೋಕರ್ ಬೋರ್ಡು ಬದಲಾಯಿಸಿ ಅಂತಷ್ಟೇ ಹಾಕು. ಯಾಕೆ ಅಂತ ಹೇಳ್ಬೇಡ. ನಾನೇ ಮಾಡಿದ್ದು ಅಂತ ಗೊತ್ತಾದ್ರೆ ಇನ್ನು ಯಾರೂ ಕರೆಯಲ್ಲ ನಮ್ಮನ್ನ."

ಥೂ, ಈಗಲೂ ಅದೇ ಯೋಚನೆಯಾ ಎಂದು ಕೂಗಬೇಕೆನಿಸಿತು. ಆದರೆ ನಾನು ಹಾಗೇ ಹಾಕಿದೆ. ಬೋರ್ಡು ಬದಲಾಯಿಸಿ ಎಂದಷ್ಟೇ. ಅವನು ಅದನ್ನು ನೋಡಲೂ ಇಲ್ಲ.

ಬೆಟ್ಟದ ಏರು ಶುರುವಾಯಿತು. ನಮ್ಮ ವ್ಯಾನು ಸಮತಟ್ಟಾದ ರಸ್ತೆಯಲ್ಲಿ ಕುದುರೆ, ಏರಿನಲ್ಲಿ ಮುದುಕಿ. ಮುಂದೆ ಕಬ್ಬಿಣದ ಕೊಳವೆ ಹೇರಿಕೊಂಡ ಲಾರಿಯೊಂದು ರಸ್ತೆಯೆಲ್ಲ ತನ್ನದೇ ಎಂಬಂತೆ ತೆವಳುತ್ತಿತ್ತು. ಇವರು ಹಾರನ್ ಒತ್ತಿಯೇ ಒತ್ತಿದರು. ತಿರುವಿನಲ್ಲಿ ಓವರ್‌ಟೇಕ್ ಮಾಡಲು ಹೋದಾಗ ಎದುರಿಗೆ ಬಸ್ಸು ಬಂತು, ಮತ್ತೆ ಲಾರಿಯ ಹಿಂದಕ್ಕೇ ಬಂದೆವು. ನಾನು ಸೀಟಿನ ಅಂಚು ಹಿಡಿದು ಕೂತಿದ್ದೆ. ಕಾಲಡಿಯ ರಬ್ಬರ್ ಮ್ಯಾಟನ್ನು ಎರಡೂ ಪಾದಗಳಿಂದ ಬಲವಾಗಿ ಒತ್ತುತ್ತಿದ್ದೆ. ಯಾಕೆ ಒತ್ತುತ್ತಿದ್ದೇನೆ ಎಂದು ಆಮೇಲೆ ಹೊಳೆದು ಬಿಟ್ಟುಬಿಟ್ಟೆ.

"ಅವಳ ಅಮ್ಮ ಒಬ್ಬಳನ್ನೇ ಹತ್ತಿಸಲ್ಲ," ಎಂದೆ. "ಹೆದರುಪುಕ್ಕಲಿ ಅದು. ಅಡುಗೆ ಮನೇಲಿ ಹಲ್ಲಿ ಕಂಡ್ರೆ ಬೀದಿಗೆ ಓಡ್ತಾಳೆ."

"ಹೂಂ."

"ಅವಳು ಪಕ್ಕದಲ್ಲಿ ಕೂತ್ರೆ ಹಿಡ್ಕೋತಾಳೆ."

"ಹೂಂ."

"ಹೂಂ ಅನ್ಬೇಡಿ, ಏನಾದ್ರೂ ಮಾತಾಡಿ!"

"ಏನು ಮಾತಾಡ್ಲಿ ಕಣೇ," ಎಂದರು. ಇವರ ಕಣ್ಣು ತುಂಬಿಕೊಂಡಿತ್ತು. ಈ ಕಣ್ಣಲ್ಲಿ ರಸ್ತೆ ಹೇಗೆ ಕಾಣಿಸುತ್ತದೋ ಎಂದು ನನಗೆ ಇನ್ನೊಂದು ಭಯ.

ಬೆಟ್ಟ ಇಳಿದು ಬಯಲಿಗೆ ಬಂದಾಗ ಹಿಂದಿನಿಂದ ಆಂಬುಲೆನ್ಸ್ ಕೂಗುತ್ತ ಬಂತು. ಇವರು ವ್ಯಾನನ್ನು ಪಕ್ಕಕ್ಕೆ ಎಳೆದರು. ಅದು ನಮ್ಮನ್ನು ದಾಟಿ, ನಾವು ಹೋಗಬೇಕಾದ ದಿಕ್ಕಿಗೇ ಹೋಯಿತು. ಅದರ ಕೆಂಪು ದೀಪ ಕಣ್ಣಿಂದ ಮರೆಯಾಗದ ಹಾಗೆ ಇವರು ಬೆನ್ನಟ್ಟಿಕೊಂಡು ಹೋದರು, ವ್ಯಾನಿನ ಹಿಂಭಾಗದಲ್ಲಿ ಡಬ್ಬಗಳು ಉರುಳಿ ಬಣ್ಣ ಚೆಲ್ಲುವ ವಾಸನೆ ಬರುತ್ತಿತ್ತು. ಕೆರೆಗೆ ಹೋಗುವ ಕವಲು ಬಂತು. ಆಂಬುಲೆನ್ಸ್ ಅಲ್ಲಿ ತಿರುಗಲಿಲ್ಲ, ನೇರ ಹೋಯಿತು.

"ಅಬ್ಬಾ, ಬೇರೆ ಯಾರಿಗೋ," ಎಂದೆ. ಬಾಯಿಬಿಟ್ಟೇ ಹೇಳಿದೆ. ಇವರು ವ್ಯಾನನ್ನು ಕೆರೆಯ ಕಡೆಗೆ ತಿರುಗಿಸಿದರು.

ಪಾರ್ಕಿನ ಮುಂದೆ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ವ್ಯಾನು ಇನ್ನೂ ಉರುಳುತ್ತಿದ್ದಾಗಲೇ ನಾನು ಬಾಗಿಲು ತೆಗೆದು ಹಾರಿದೆ. ಒಂದು ಚಪ್ಪಲಿ ಅಲ್ಲೇ ಉಳಿಯಿತು, ಇನ್ನೊಂದನ್ನು ನಾನೇ ಒದ್ದೆ. ಟಿಕೆಟ್ ನೋಡುವವನು ಅಡ್ಡ ಬಂದ. ಅವನಿಗೆ ಏನೆಂದೆನೋ ಗೊತ್ತಿಲ್ಲ, ದಾರಿ ಬಿಟ್ಟ. ಪಾಪ್‌ಕಾರ್ನ್ ಗಾಡಿ, ಬಲೂನಿನವನು, ಸುತ್ತುತ್ತಿದ್ದ ನಮ್ಮತ್ತೆಯ ಮುಖದ ಕುದುರೆಗಳು, ಎಲ್ಲವನ್ನೂ ದಾಟಿ ಓಡಿದೆ. ಆಕ್ಟೋಪಸ್ಸಿನ ಕಿತ್ತಳೆ ಕೈಗಳು ಜನರ ತಲೆಗಳ ಮೇಲೆ ಏರುತ್ತಿದ್ದವು, ಇಳಿಯುತ್ತಿದ್ದವು. ಅಲ್ಲಿಂದ ಕಿರುಚಾಟ ಕೇಳುತ್ತಿತ್ತು. ಆ ಆಟದಲ್ಲಿ ಖುಷಿಗೂ ಕಿರುಚುತ್ತಾರೆ, ಹೆದರಿಕೆಗೂ ಕಿರುಚುತ್ತಾರೆ. ಹೊರಗಿನವರಿಗೆ ಎರಡೂ ಒಂದೇ.

ಸಾಲಿನ ತುದಿಯಲ್ಲಿ ಜೋಕರ್ ಕೈ ಚಾಚಿ ನಗುತ್ತಿದ್ದ. ಆ ಕೈಯ ಕೆಳಗೆ, ಗೇಟಿನ ಸರಪಳಿ ಹಿಡಿದುಕೊಂಡು, ಸಾಲಿನ ಮೊಟ್ಟಮೊದಲಿಗೆ ಚಿಟಿಕೆ ನಿಂತಿದ್ದಳು. ಈ ಸುತ್ತು ಮುಗಿದರೆ ಅವಳದೇ ಸರದಿ. ಪಕ್ಕದಲ್ಲಿ ತಂಗಿ ಮುಖ ಚಿಕ್ಕದು ಮಾಡಿಕೊಂಡು, ಹೆಗಲಲ್ಲಿ ಆ ಹಾಳು ಚೀಲ ನೇತುಹಾಕಿಕೊಂಡು ನಿಂತಿದ್ದಳು.

"ದೊಡ್ಡಮ್ಮಾ!" ಚಿಟಿಕೆ ಕೂಗಿದಳು. "ನೋಡು, ನನ್ನ ತಲೆ ತಾಗ್ತು! ನಾನು ಬೆಳೆದಿದೀನಿ!"

ನಾನು ಜನರನ್ನು ತಳ್ಳಿಕೊಂಡು ಹೋಗಿ ಅವಳ ಮುಂಗೈ ಹಿಡಿದು ಸಾಲಿನಿಂದ ಆಚೆ ಎಳೆದೆ. ಎಳೆದ ರಭಸಕ್ಕೆ ಅವಳು ಮುಗ್ಗರಿಸಿದಳು. ಎತ್ತಿ ಎದೆಗೆ ಒತ್ತಿಕೊಂಡೆ, ಅವಳ ಬೆನ್ನು, ತೋಳು, ಕಾಲು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದೆ. ಹೋದ ಜೀವ ಬಂತು. ಅಳು ಉಕ್ಕಿ ಬಂತು, ಅತ್ತುಬಿಟ್ಟೆ.

"ಏನಕ್ಕಾ ಇದು?" ತಂಗಿ ಗಾಬರಿಯಾಗಿದ್ದಳು. "ಯಾರಿಗೇನಾಯ್ತು? ಬೆಟ್ಟದ ಆಚೆ ಇದೀವಿ ಅಂದಿದ್ರಿ?"

"ಏನೂ ಆಗಿಲ್ಲ. ಬಾ, ಮನೆಗೆ ಹೋಗೋಣ. ಮೊದಲು ಇಲ್ಲಿಂದ ಹೊರಡು," ಎಂದೆ. ನಮ್ಮವರು ಹಿಂದೆಯೇ ಏದುಸಿರು ಬಿಡುತ್ತ ಬಂದರು. "ಸಿಕ್ಕಿದ್ಲು ರೀ, ಹತ್ತಿಲ್ಲ, ಸಿಕ್ಕಿದ್ಲು. ಬನ್ನಿ ಹೋಗೋಣ."

ಇವರು ಚಿಟಿಕೆಯ ತಲೆ ಸವರಿದರು. ಆದರೆ ಅವಳನ್ನು ನೋಡುತ್ತಿರಲಿಲ್ಲ. ತಲೆ ಎತ್ತಿ ಮೇಲೆ ನೋಡುತ್ತಿದ್ದರು. ನಾನೂ ನೋಡಿದೆ.

ಹಳದಿ ಅಂಗಿಯ ಒಂದು ಪುಟ್ಟ ಹುಡುಗ. ಅವನ ಪಕ್ಕದಲ್ಲಿ ಅವನಿಗಿಂತ ಸ್ವಲ್ಪ ದೊಡ್ಡವಳು, ಅಕ್ಕನಿರಬೇಕು. ಸೀಟು ನಮ್ಮ ಕಡೆ ಇಳಿದು ಬಂದಾಗ ಹುಡುಗನ ಎದೆ ಸರಳಿನ ಕೆಳಗಿತ್ತು. ಅದು ಇನ್ನೊಂದು ಸುತ್ತು ಹೋಗಿ ಬರುವಷ್ಟರಲ್ಲಿ ಗದ್ದ ಸರಳಿಗೆ ಬಂದಿತ್ತು, ಎರಡೂ ಕಾಲು ಹೊರಗೆ ನೇತಾಡುತ್ತಿದ್ದವು. ಅಕ್ಕ ತನ್ನ ಸರಳು ಬಿಟ್ಟು ಎರಡೂ ಕೈಯಿಂದ ಅವನ ಅಂಗಿಯ ಕೊರಳು ಹಿಡಿದಿದ್ದಳು. ಅವಳ ಬಾಯಿ ತೆರೆದೇ ಇತ್ತು. ಸುತ್ತ ಎಲ್ಲರೂ ಕಿರುಚುತ್ತಿದ್ದರು, ಎಲ್ಲರೂ ನಗುತ್ತಿದ್ದರು, ಆ ಒಂದು ಕಿರುಚಾಟ ಯಾರ ಕಿವಿಗೂ ಬೇರೆಯಾಗಿ ಬಿದ್ದಿರಲಿಲ್ಲ.

"ನಿಲ್ಸೋ!" ಇವರು ಸರಪಳಿ ಹಾರಿ ಒಳಗೆ ನುಗ್ಗಿದರು. "ನಿಲ್ಸೋ, ಮಗು ಜಾರ್ತಿದೆ!"

ಆಪರೇಟರ್ ತಲೆ ಎತ್ತಿ ನೋಡಿದ. ಹಿಡಿಯನ್ನು ನಿಧಾನವಾಗಿ ಹಿಂದಕ್ಕೆ ಎಳೆಯತೊಡಗಿದ.

"ಬೇಗ, ಬೇಗ!" ನಾನು ಕೂಗಿದೆ.

"ಗಕ್ಕಂತ ನಿಲ್ಸಿದ್ರೆ ಸೀಟು ಜಾಡಿಸುತ್ತಮ್ಮಾ, ಮಗು ಕಿತ್ಕೊಂಡು ಹೋಗುತ್ತೆ! ಸುಮ್ನಿರಿ!" ಅವನ ದನಿ ಅಳುವ ಹಾಗಿತ್ತು.

ಸುಮ್ಮನಿದ್ದೆ. ಪಾರ್ಕಿಗೆ ಪಾರ್ಕೇ ಸುಮ್ಮನಾಯಿತು. ಆ ಧ್ವನಿವರ್ಧಕವೊಂದು ಮಾತ್ರ ಎಲ್ಲಿಯದೋ ಮದುವೆ ಮನೆಯ ಹಾಗೆ ಹಾಡುತ್ತಲೇ ಇತ್ತು. ಕಿತ್ತಳೆ ಕೈ ಮೇಲೇರಿತು, ಹಳದಿ ಅಂಗಿ ಅದರ ಜೊತೆ ಏರಿತು. ಇಳಿಯಿತು. ಮತ್ತೆ ಏರಿತು. ಪ್ರತಿ ಸಲವೂ ಇನ್ನೊಂದಿಷ್ಟು ನಿಧಾನ, ಪ್ರತಿ ಸಲವೂ ಇನ್ನೊಂದಿಷ್ಟು ಕೆಳಗೆ ಜಾರಿದ ಮಗು. ಇವರು ಕಬ್ಬಿಣದ ನೆಲದ ಮೇಲೆ ಎರಡೂ ಕೈ ಮೇಲೆತ್ತಿಕೊಂಡು ಆ ಸೀಟಿನ ಅಡಿಯಲ್ಲೇ ಸುತ್ತ ಓಡುತ್ತಿದ್ದರು. ಬೇರೆ ಸೀಟುಗಳು ಇವರ ತಲೆಯ ಪಕ್ಕದಲ್ಲೇ ಹಾದುಹೋಗುತ್ತಿದ್ದವು, ಒಂದು ಹೆಗಲಿಗೆ ಬಡಿಯಿತು, ಬಿದ್ದರು, ಎದ್ದು ಮತ್ತೆ ಓಡಿದರು. ನನ್ನ ಕಣ್ಣು ಇವರನ್ನು ನೋಡಬೇಕೋ ಆ ಮಗುವನ್ನು ನೋಡಬೇಕೋ ತಿಳಿಯದೆ ಉರಿಯುತ್ತಿತ್ತು.

ಅಂಗಿ ಚರಕ್ಕೆಂದು ಹರಿಯಿತು. ಅಕ್ಕನ ಕೈಯಲ್ಲಿ ಹಳದಿ ಬಟ್ಟೆಯ ತುಂಡು ಉಳಿಯಿತು. ಹುಡುಗ ಬಿದ್ದ.

ಸೀಟು ಆಗ ಕೆಳಗಿತ್ತು. ದೇವರು ಎಂದರೆ ದೇವರು, ಅದೃಷ್ಟ ಎಂದರೆ ಅದೃಷ್ಟ. ಅದು ಮೇಲಿದ್ದಾಗ ಬಿದ್ದಿದ್ದರೆ ನಾನು ಇದನ್ನು ಯಾರಿಗೂ ಹೇಳುತ್ತಿರಲಿಲ್ಲ. ಇವರ ತೋಳಿಗೆ ಬಿದ್ದ, ಇಬ್ಬರೂ ಒಟ್ಟಿಗೆ ನೆಲಕ್ಕೆ ಉರುಳಿದರು. ಇವರು ಮಗುವನ್ನು ಹೊಟ್ಟೆಯೊಳಗೆ ಮುಚ್ಚಿಕೊಂಡು ಮುದುಡಿ ಮಲಗಿಬಿಟ್ಟರು. ಕೊನೆಯ ಸೀಟು ಇವರ ಬೆನ್ನಿನ ಮೇಲೆ ಹಾದು ಹೋಗಿ ನಿಂತಿತು.

ಹುಡುಗನ ಅಮ್ಮ ಸಾಲಿನಾಚೆಯ ಬೆಂಚಿನಿಂದ ಓಡಿ ಬಂದಳು. ಮಗನನ್ನು ಕಿತ್ತುಕೊಂಡು ಮೈಯೆಲ್ಲ ತಡಕಿದಳು. ಮೊಣಕೈ ತರಚಿತ್ತು, ಗದ್ದದ ಮೇಲೆ ಸರಳಿನ ಕೆಂಪು ಬರೆ ಬಿದ್ದಿತ್ತು, ಅಷ್ಟೇ. ಹುಡುಗ ಅಳಲೂ ಮರೆತು ಬಿಕ್ಕುತ್ತಿದ್ದ. ಮಗಳು ಇಳಿದು ಬಂದು ಅಮ್ಮನ ಬಟ್ಟೆಯಲ್ಲಿ ಮುಖ ಹುದುಗಿಸಿದಳು, ಹಳದಿ ತುಂಡು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಆ ತಾಯಿ ಮಗನನ್ನು ಸೊಂಟಕ್ಕೇರಿಸಿಕೊಂಡು ನಮ್ಮವರ ಕೈ ಹಿಡಿದುಕೊಂಡಳು.

"ದೇವರ ಹಾಗೆ ಬಂದ್ರಿ ಅಣ್ಣಾ," ಎಂದಳು. "ನೀವು ನೋಡ್ದೇ ಇದ್ದಿದ್ರೆ ನನ್ನ ಮಗ ಇರ್ತಿರ್ಲಿಲ್ಲ."

ಜನ ಸುತ್ತುಗಟ್ಟಿದರು. ಯಾರೋ ಇವರ ಬೆನ್ನು ತಟ್ಟಿದರು, ಯಾರೋ ನೀರು ತಂದರು. ಮೀಸೆ ಮಾಲೀಕ ಬಂದವನೇ, "ಇವ್ರು ನಮ್ಮ ಪೇಂಟರು, ನಮ್ಮವರೇ," ಎಂದು ಎಲ್ಲರಿಗೂ ಸಾರಿದ. ಆಮೇಲೆ ಗೇಟಿನವನ ಕಡೆ ತಿರುಗಿ ಅವನ ಕೊರಳಪಟ್ಟಿ ಹಿಡಿದ.

"ಅಳತೆ ನೋಡ್ದೆ ಬಿಟ್ಟೆಯೇನೋ? ಕಣ್ಣೇನು ಕಾಲಲ್ಲಿತ್ತಾ? ಪೊಲೀಸ್ ಬರ್ಲಿ, ನಿನ್ನನ್ನೇ ಕೊಡ್ತೀನಿ!"

"ನೋಡೇ ಬಿಟ್ಟಿದ್ದು ಸಾರ್," ಗೇಟಿನವನು ಕೈ ಮುಗಿದ. "ನನ್ನ ಮಕ್ಕಳಾಣೆಗೂ ನೋಡಿದೀನಿ. ತಲೆ ಕೈಗೆ ತಾಗಿತ್ತು."

"ಸುಳ್ಳು ಬೊಗಳಬೇಡ!"

ನಾನು ಇವರ ತೋಳು ಹಿಡಿದು ಕಿವಿಯ ಹತ್ತಿರ ಬಾಯಿ ತಂದೆ. "ಬಾಯಿ ಬಿಡ್ಬೇಡಿ," ಎಂದೆ. "ಮಗು ಉಳೀತು, ಸಾಕು. ಜೋಕರ್‌ನ ಆಮೇಲೆ ಸರಿ ಮಾಡೋಣ. ಈಗ ಹೇಳಿದ್ರೆ ನಾವು ಬೀದಿಗೆ ಬೀಳ್ತೀವಿ." ಒಂದು ಕೈಯಲ್ಲಿ ಚಿಟಿಕೆಯನ್ನು ಹಿಡಿದಿದ್ದೆ, ಇನ್ನೊಂದು ಕೈಯಲ್ಲಿ ಇವರನ್ನು. ಇಬ್ಬರನ್ನೂ ಎಳೆದುಕೊಂಡು ಅಲ್ಲಿಂದ ಓಡಿಹೋದರೆ ಸಾಕಾಗಿತ್ತು ನನಗೆ.

ಇವರು ನನ್ನ ಕೈಯನ್ನು ಮೆತ್ತಗೆ ಬಿಡಿಸಿಕೊಂಡರು.

"ಅವನದೇನೂ ತಪ್ಪಿಲ್ಲ," ಎಂದರು. "ಜೋಕರ್ ಕೈಯನ್ನ ನಾನೇ ನಾಲ್ಕು ಬೆರಳು ಇಳಿಸಿದ್ದು. ಬೇಕಂತಲೇ ಇಳಿಸಿದ್ದು."

ಮಾಲೀಕನ ಕೈ ಗೇಟಿನವನ ಕೊರಳಪಟ್ಟಿಯಿಂದ ಜಾರಿತು. ಹುಡುಗನ ಅಮ್ಮನಿಗೆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ಇನ್ನೂ ಹಿಡಿದುಕೊಂಡಿದ್ದ ಇವರ ಕೈಯನ್ನು ಬಿಟ್ಟಳು.

"ಯಾಕೆ?" ಎಂದಳು.

ಚಿಟಿಕೆ ದೊಡ್ಡಪ್ಪನ ಮುಖವನ್ನೇ ನೋಡುತ್ತಿದ್ದಳು. ಅವಳ ಮುಂದೆ ಅವಳ ಹೆಸರು ಹೇಳಲು ಇವರ ನಾಲಿಗೆ ಏಳಲಿಲ್ಲ. ಹೇಳದೆ ಇದ್ದರೆ ಇವರನ್ನು ಅಲ್ಲೇ ಹೊಡೆದು ಹಾಕುತ್ತಾರೇನೋ ಎಂದು ನನಗೆ ಹೆದರಿಕೆಯಾಯಿತು. ಅದಕ್ಕೆ ನಾನೇ ಹೇಳಿದೆ.

"ನಮ್ಮ ಮಗುಗೋಸ್ಕರ ಅಮ್ಮಾ. ಪ್ರತಿ ವರ್ಷ ವಾಪಸ್ ಕಳಿಸ್ತಿದ್ರು, ಪಾಪ, ಒಂದ್ಸಲ ಹತ್ಲಿ ಅಂತ. ಕೆಟ್ಟ ಮನಸ್ಸಿಂದ ಮಾಡಿದ್ದಲ್ಲ. ಗೊತ್ತಾದ ತಕ್ಷಣ ಓಡಿ ಬಂದ್ವಿ."

ಅವಳು ಚಿಟಿಕೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕೂಗಾಡುತ್ತಾಳೆ, ಕಪಾಳಕ್ಕೆ ಹೊಡೆಯುತ್ತಾಳೆ ಎಂದು ಕಾಯುತ್ತಿದ್ದೆ. ಹೊಡೆದಿದ್ದರೆ ತಿನ್ನುತ್ತಿದ್ದೆ. ಅವಳು ಕೂಗಲಿಲ್ಲ.

"ನಾನು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ," ಎಂದಳು. "ನೀವು ಓಡಿ ಬಂದಿದ್ದು ನೋಡ್ದೆ. ಬಂದು ಇವಳನ್ನ ಎಳ್ಕೊಂಡ್ರಿ. ತಬ್ಕೊಂಡು ಅತ್ರಿ. ಮನೆಗೆ ಹೋಗೋಣ ಅಂದ್ರಿ. ನನ್ನ ಮಕ್ಕಳು ಆಗ ಮೇಲಿದ್ರು."

ಮಗನನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡು, ಮಗಳ ಕೈ ಹಿಡಿದು ಅವಳು ಹೊರಟಳು. ಜನ ದಾರಿ ಬಿಟ್ಟರು.

"ದೊಡ್ಡಮ್ಮಾ, ಕೈ ಬಿಡು, ನೋಯ್ತಿದೆ," ಎಂದಳು ಚಿಟಿಕೆ.

ನಾನು ಬಿಡಲಿಲ್ಲ.